ಕುಸನೂರಿನ ಗುಡ್ಡದಿಂದ ರಾಷ್ಟ್ರನೀತಿಯವರೆಗೆ

1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನ ಶಾಲೆಯ ಅಂಗಳದಲ್ಲಿ ಸುಮಾರು ಎರಡು ಸಾವಿರ ಜನ ಸೇರಿದ್ದರು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಅಹಿಂಸೆಯ ಪ್ರತಿಜ್ಞೆ ಸ್ವೀಕರಿಸಿದರು. ಬಳಿಕ ವಾದ್ಯದವರನ್ನು ಮುಂದಿಟ್ಟುಕೊಂಡು, ಘೋಷಣೆ ಕೂಗುತ್ತ ಊರ ಗುಡ್ಡದತ್ತ ನಡೆದರು. ಅಲ್ಲಿ ಸಾಲಾಗಿ ನೆಟ್ಟಿದ್ದ ನೀಲಗಿರಿ ಸಸಿಗಳಲ್ಲಿ ನೂರರಷ್ಟನ್ನು ಕಿತ್ತರು. ಕಿತ್ತ ಜಾಗ ಬರಿದಾಗಿ ಉಳಿಯಲಿಲ್ಲ. ಹಣ್ಣು ಕೊಡುವ, ದನಕರುಗಳಿಗೆ ಮೇವು ಕೊಡುವ ಮರಗಳ ಸಸಿಗಳು ಅಲ್ಲಿಗೆ ಬಂದವು. ಅವಕ್ಕೆ ನೀರೆರೆದು ಕಾಪಾಡುತ್ತೇವೆ ಎಂಬ ಇನ್ನೊಂದು ಪ್ರತಿಜ್ಞೆ ಮಾಡಿ ಜನ ಮನೆಗೆ ಮರಳಿದರು.

ಈ ಚಳವಳಿಗೆ ‘ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ’ ಎಂದು ಹೆಸರು. ಈ ಸೀಮೆಯಲ್ಲಿ ಸಸಿಯನ್ನು ನೆಡುವುದಿಲ್ಲ, ‘ಹಚ್ಚುತ್ತಾರೆ’. ಹೆಸರೇ ಊರವರ ಬಾಯಿಂದ ಬಂದದ್ದು. ಬೇಡವಾದುದನ್ನು ಕಿತ್ತರೆ ಸಾಲದು, ಬೇಕಾದುದನ್ನು ಹಚ್ಚುವ ಹೊಣೆಯೂ ನಮ್ಮದೇ ಎಂಬ ಅರ್ಥ ಅದರಲ್ಲಿತ್ತು.

ಅದೇ ವರ್ಷ ನಾರ್ವೆಯ ಪ್ರಧಾನಿ ಗ್ರೋ ಹಾರ್ಲೆಮ್ ಬ್ರುಂಟ್‌ಲ್ಯಾಂಡ್ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗ ತನ್ನ ವರದಿಯನ್ನು ಪ್ರಕಟಿಸಿತ್ತು. ‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತು ಜಗತ್ತಿನ ಸರ್ಕಾರಗಳ ಕಡತಗಳಿಗೆ ಇಳಿದದ್ದು ಆ ವರದಿಯಿಂದ. ಮುಂದಿನ ಪೀಳಿಗೆಯ ಬಾಯಿಗೆ ಮಣ್ಣು ಹಾಕದೆ ಇಂದಿನವರು ಬದುಕುವ ದಾರಿ ಯಾವುದು ಎಂಬುದು ಅದರ ಸಾರ. ಕುಸನೂರಿನವರು ಆ ವರದಿಯನ್ನು ಓದಿ ಗುಡ್ಡ ಹತ್ತಿದವರಲ್ಲ. ಆದರೂ ಇಬ್ಬರೂ ಕೇಳಿದ ಪ್ರಶ್ನೆ ಒಂದೇ ಆಗಿತ್ತು: ನಿಸರ್ಗದ ಸಂಪತ್ತನ್ನು ಹೊರಗೆ ಕಳಿಸಿ ಬದುಕುವ ನಾಡು, ತನಗಾಗಿ ಏನನ್ನು ಉಳಿಸಿಕೊಳ್ಳಬೇಕು?

ಗುಡ್ಡನಾಡಿನ ಬದುಕು

ಇಂದಿನ ಹಾವೇರಿ ಜಿಲ್ಲೆ 1997ರ ಆಗಸ್ಟ್ 24ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಅದರ ಪಶ್ಚಿಮಕ್ಕಿರುವ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ತಾಲ್ಲೂಕುಗಳು ಮಲೆನಾಡಿನ ಸೆರಗಿಗೆ ಅಂಟಿಕೊಂಡಿವೆ. ಹಾನಗಲ್ಲಿನಾಚೆ ಮುಂಡಗೋಡ, ಶಿರಸಿ, ಸೊರಬ, ಹಿರೇಕೆರೂರಿನಾಚೆ ಶಿಕಾರಿಪುರ. ಸವಣೂರಿಗೆ ಬರುವ ಹೊತ್ತಿಗೆ ಮಳೆ ಇಳಿಮುಖವಾಗಿ ಎರೆಹೊಲಗಳ ಬಯಲುಸೀಮೆ ತೆರೆದುಕೊಳ್ಳುತ್ತದೆ. ವರದಾ ನದಿ ಈ ಎರಡೂ ಲೋಕಗಳನ್ನು ಹೊಲಿದಂತೆ ಹಾನಗಲ್ಲಿನಿಂದ ಸವಣೂರಿನತ್ತ ಹರಿಯುತ್ತದೆ.

ಇಲ್ಲಿ ಊರೆಂದರೆ ಮನೆ, ಹೊಲ, ಕೆರೆಗಳಷ್ಟೇ ಅಲ್ಲ. ಊರಿಗೊಂದು ಗಾಯರಾಣ, ಕುರುಚಲು ಬೆಳೆದ ಗುಡ್ಡ ಇರಬೇಕು. ಸರ್ಕಾರದ ಲೆಕ್ಕದಲ್ಲಿ ಇದು ‘ಸಿ ಮತ್ತು ಡಿ ದರ್ಜೆ’ಯ ಜಮೀನು. ಅಂದರೆ ಸಾಗುವಳಿಗೆ ಬಾರದ್ದು, ಕಂದಾಯ ಹುಟ್ಟದ್ದು. ಕಡತದಲ್ಲಿ ‘ಪಾಳು’ ಎನಿಸಿಕೊಂಡ ಇದೇ ನೆಲದಿಂದ ದನಕ್ಕೆ ಹುಲ್ಲು ಬರುತ್ತಿತ್ತು, ಒಲೆಗೆ ಕಟ್ಟಿಗೆ ಬರುತ್ತಿತ್ತು. ರೆಂಟೆ, ಕುಂಟೆ, ಕೂರಿಗೆಗೆ ಬೇಕಾದ ಮರದ ತುಂಡು, ಊಟದೆಲೆಗೆ ಮುತ್ತುಗ, ಬೇಸಿಗೆಯಲ್ಲಿ ಮಕ್ಕಳ ಕೈಗೆ ಕವಳೆ ಹಣ್ಣು, ನೆಲ್ಲಿಕಾಯಿ ಇವೆಲ್ಲ ಅಲ್ಲಿನವೇ. ಹೊಲ ಇಲ್ಲದವನಿಗೂ ಎರಡು ಆಡು, ಒಂದು ಆಕಳು ಕಟ್ಟಲು ಸಾಧ್ಯವಾಗುತ್ತಿದ್ದುದು ಗುಡ್ಡ ಇದ್ದುದರಿಂದ. ಊರ ಶ್ರೀಮಂತನಿಗೆ ಗುಡ್ಡ ಹೋದರೆ ಅನನುಕೂಲ. ಬಡವನಿಗೆ ಅದು ಹೋದರೆ ಅರ್ಧ ಸಂಸಾರವೇ ಹೋದಂತೆ.

ಎಕರೆಗೆ ಒಂದು ರೂಪಾಯಿ

ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. ಮರದಿಂದ ತಿರುಳು ತೆಗೆದು, ತಿರುಳಿನಿಂದ ರೇಯಾನ್ ಬಟ್ಟೆಯ ನೂಲಿಗೆ ಬೇಕಾದ ಎಳೆ ಮಾಡುವುದು ಅಲ್ಲಿನ ಕೆಲಸ. ಬಿರ್ಲಾ ಸಮೂಹಕ್ಕೆ ಸೇರಿದ ಈ ಕಾರ್ಖಾನೆಗೆ ಕಾಡು ಬರಿದಾದಂತೆಲ್ಲ ಕಚ್ಚಾವಸ್ತುವಿನ ಚಿಂತೆ ಹತ್ತಿತು. ಅದು ಆ ಕಾರ್ಖಾನೆಯೊಂದರ ಚಿಂತೆಯಾಗಿರಲಿಲ್ಲ. ಮರವನ್ನು ನಂಬಿದ ದೇಶದ ಉದ್ಯಮಗಳೆಲ್ಲ ತಮಗೇ ಮೀಸಲಾದ ನೆಡುತೋಪು ಬೇಕೆಂದು ಆಗ ಸರ್ಕಾರಗಳ ಬೆನ್ನು ಹತ್ತಿದ್ದವು.

1984ರ ನವೆಂಬರ್ 14ರಂದು ಕರ್ನಾಟಕ ಸರ್ಕಾರ ಮತ್ತು ಕಾರ್ಖಾನೆಯ ನಡುವೆ ಒಪ್ಪಂದವಾಗಿ ‘ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್’ ಎಂಬ ಜಂಟಿ ಕಂಪೆನಿ ಹುಟ್ಟಿತು. ಸರ್ಕಾರದ ಪಾಲು ಶೇ 51, ಕಾರ್ಖಾನೆಯದು ಶೇ 49. ನಾಲ್ಕು ಜಿಲ್ಲೆಗಳಲ್ಲಿ ಹರಡಿದ 30 ಸಾವಿರ ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿ ಮೊದಲಾದ ಬೇಗ ಬೆಳೆಯುವ ಮರಗಳಿಗಾಗಿ ಗುರುತಿಸಲಾಯಿತು. ಗುತ್ತಿಗೆಯ ಅವಧಿ 40 ವರ್ಷ. ಬಾಡಿಗೆ ವರ್ಷಕ್ಕೆ ಎಕರೆಗೆ ಒಂದು ರೂಪಾಯಿ. ಬೆಳೆದ ಮರದಲ್ಲಿ ಶೇ 87.5ರಷ್ಟು ನೇರವಾಗಿ ಕಾರ್ಖಾನೆಗೆ. ಮಿಕ್ಕ ಶೇ 12.5ನ್ನೂ ಕೊಳ್ಳುವ ಅವಕಾಶ ಕಾರ್ಖಾನೆಗೇ ಇತ್ತು. ಬ್ಯಾಂಕ್ ಸಾಲಕ್ಕೆ ಜಾಮೀನು ನಿಲ್ಲಲೂ ಸರ್ಕಾರ ಒಪ್ಪಿತ್ತು.

ಲೆಕ್ಕ ಹಾಕಿ ನೋಡಿದರೆ ಇದರ ಸ್ವರೂಪ ತಿಳಿಯುತ್ತದೆ. ಮೂವತ್ತು ಸಾವಿರ ಹೆಕ್ಟೇರ್ ಎಂದರೆ ಸುಮಾರು 75 ಸಾವಿರ ಎಕರೆ. ಇಷ್ಟು ನೆಲಕ್ಕೆ ಸರ್ಕಾರಕ್ಕೆ ಬರುವ ವಾರ್ಷಿಕ ಬಾಡಿಗೆ 75 ಸಾವಿರ ರೂಪಾಯಿ. ಆ ನೆಲ ಊರವರಿಗೆ ಕೊಡುತ್ತಿದ್ದ ಹುಲ್ಲು, ಕಟ್ಟಿಗೆಗೆ ಮಾತ್ರ ಬೆಲೆ ಕಟ್ಟಿದವರಿಲ್ಲ. ನೀಲಗಿರಿಯ ಸೊಪ್ಪನ್ನು ದನ ಮೂಸಿಯೂ ನೋಡುವುದಿಲ್ಲ. ದಟ್ಟವಾಗಿ ನೆಟ್ಟ ತೋಪಿನಡಿ ಹುಲ್ಲು ಸೊರಗುತ್ತದೆ. ಗುಡ್ಡ ಹಸಿರಾಗಿಯೇ ಕಾಣುತ್ತದೆ. ಆದರೆ ದನಗಾಹಿಯ ಪಾಲಿಗೆ ಅದು ಬೇಲಿ ಹಾಕಿದ ಹಸಿರು.

ಇದು ಹೊಸ ಚಾಳಿಯೂ ಆಗಿರಲಿಲ್ಲ. ದಾಂಡೇಲಿಯ ಕಾಗದದ ಗಿರಣಿಗೆ 1958ರಲ್ಲಿ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಗಿತ್ತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದೇ ಬಿದಿರಿಗೆ ಎಷ್ಟೋ ಪಟ್ಟು ಹೆಚ್ಚು ಕೊಡಬೇಕಿತ್ತು. ಬೆಲೆ ಅಗ್ಗವಾದಾಗ ಉಳಿಸುವ ಬುದ್ಧಿ ಯಾರಿಗೂ ಬರುವುದಿಲ್ಲ.

ಹೊಳೆಯಿಂದ ಗುಡ್ಡಕ್ಕೆ

ಒಪ್ಪಂದಕ್ಕೆ ವಿರೋಧ ಸಂಘಟಿಸಿದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಅದರ ಮುಂದಾಳು ಎಸ್. ಆರ್. ಹಿರೇಮಠ ಅಮೆರಿಕದಲ್ಲಿದ್ದ ಉದ್ಯೋಗ ಬಿಟ್ಟು ಹಳ್ಳಿಗಾಡಿನ ಕೆಲಸಕ್ಕೆ ಮರಳಿದ್ದ ಎಂಜಿನಿಯರ್. ಕಾರ್ಖಾನೆಯ ಕೊಳಚೆಯಿಂದ ತುಂಗಭದ್ರೆಯಲ್ಲಿ ಮೀನು ಸತ್ತು, ದಂಡೆಯ ಊರುಗಳ ಆರೋಗ್ಯ ಕೆಟ್ಟಾಗ ಈ ಸಂಘಟನೆ 1984ರ ಗಾಂಧಿ ಜಯಂತಿಯಂದು ಕಾರ್ಖಾನೆಯ ಎದುರು ದೊಡ್ಡ ಪ್ರತಿಭಟನೆ ನಡೆಸಿತ್ತು. ಹೊಳೆಯ ಜಗಳ ಮುಗಿಯುವ ಮುನ್ನವೇ ಗುಡ್ಡದ ಜಗಳ ಎದುರಾಯಿತು.

ಹೋರಾಟ ಎರಡು ಕಾಲಿನ ಮೇಲೆ ನಡೆಯಿತು. ಒಂದು ನ್ಯಾಯಾಲಯದಲ್ಲಿ. ಡಾ. ಶಿವರಾಮ ಕಾರಂತರು ಮೊದಲ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 1987ರ ಮಾರ್ಚ್ 24ರಂದು ಹೊಸದಾಗಿ ಭೂಮಿ ಹಸ್ತಾಂತರಿಸದಂತೆ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಇನ್ನೊಂದು ಊರುಗಳಲ್ಲಿ. ಕುಸನೂರಿನಲ್ಲಿ ಆಗಲೇ 400 ಹೆಕ್ಟೇರ್ ಕಂಪೆನಿಯ ಕೈಸೇರಿತ್ತು. ಅಲ್ಲಿ ಮೇ ತಿಂಗಳಲ್ಲಿ ಅಹಿಂಸೆಯ ತರಬೇತಿ ಶಿಬಿರ ನಡೆಯಿತು. ಊರವರದೇ ಆದ ‘ಗುಡ್ಡನಾಡು ಅಭಿವೃದ್ಧಿ ಸಮಿತಿ’ ಹುಟ್ಟಿಕೊಂಡಿತು. ಕಂಪೆನಿಗೆ ಮೂರು ವರ್ಷ ತುಂಬಿದ ದಿನವನ್ನೇ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದು ಈ ಸಿದ್ಧತೆಯ ಫಲ.

ಸತ್ಯಾಗ್ರಹಕ್ಕೆ ಸುತ್ತಲಿನ ನೆಲದಲ್ಲೇ ಬೇರುಗಳಿದ್ದವು. 1983ರ ಸೆಪ್ಟೆಂಬರಿನಲ್ಲಿ ನೆರೆಯ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದಿದ್ದರು. ಅದೇ ವರ್ಷ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನೀಲಗಿರಿ ಸಸಿಗಳನ್ನು ಕಿತ್ತಿದ್ದರು. ಅಪ್ಪಿಕೋದಿಂದ ಹೆಸರಿನ ಲಯವನ್ನೂ ರೈತ ಸಂಘದಿಂದ ಕೀಳುವ ಧೈರ್ಯವನ್ನೂ ಪಡೆದು, ‘ಹಚ್ಚಿಕೋ’ ಎಂಬ ತನ್ನ ಮಾತನ್ನು ಕುಸನೂರು ಸೇರಿಸಿತು ಎನ್ನಬಹುದು.

ದಾರಿ ಸುಗಮವಾಗೇನೂ ಇರಲಿಲ್ಲ. 1988ರ ಏಪ್ರಿಲ್ 26ರಂದು ಕೋರ್ಟು ತಡೆಯಾಜ್ಞೆಯನ್ನು ಭಾಗಶಃ ಸಡಿಲಿಸಿ, ಇನ್ನೂ ಮೂರು ಸಾವಿರ ಹೆಕ್ಟೇರ್ ಹಸ್ತಾಂತರಕ್ಕೆ ಅವಕಾಶ ಕೊಟ್ಟಿತು. ಮುಂದಿನ ಎರಡು ವರ್ಷಗಳಲ್ಲೂ ಇಂಥ ಮಧ್ಯಂತರ ಅನುಮತಿಗಳು ಬಂದವು. ಆದರೆ ಹಳ್ಳಿಗಳ ಪ್ರತಿರೋಧ ತಣ್ಣಗಾಗಲಿಲ್ಲ, ಶಾಸಕರೂ ದನಿಗೂಡಿಸಿದರು. ಸಾಲ ಕೊಡಬೇಕಾದ ಬ್ಯಾಂಕುಗಳಿಗೂ ಜನರ ವಿರೋಧ ಅರಿವಾಗುವಂತೆ ಪ್ರಚಾರ ನಡೆಯಿತು. ಕೊನೆಗೆ 1991ರಲ್ಲಿ ಕಂಪೆನಿಯ ಬಾಗಿಲು ಮುಚ್ಚಿತು. ನಲವತ್ತು ವರ್ಷದ ಗುತ್ತಿಗೆ ಏಳು ವರ್ಷಕ್ಕೆ ಮುಗಿದುಹೋಯಿತು.

ದಿಲ್ಲಿಯಲ್ಲಿ ಬದಲಾದ ನೀತಿ

ಇಂಥ ಜಗಳಗಳು ದೇಶದ ಅನೇಕ ಕಡೆ ನಡೆಯುತ್ತಿದ್ದ ಕಾಲವದು. ಸ್ವತಂತ್ರ ಭಾರತದ ಮೊದಲ ಅರಣ್ಯ ನೀತಿ 1952ರದು. ರಾಷ್ಟ್ರಹಿತಕ್ಕೆ ಧಕ್ಕೆಯಾಗುವಂತೆ ಹಳ್ಳಿಯವರು ಕಾಡನ್ನು ಬಳಸಕೂಡದು ಎಂಬುದು ಅದರ ನಿಲುವು. ರಾಷ್ಟ್ರಹಿತ ಎಂಬುದರಲ್ಲಿ ಕಾರ್ಖಾನೆ ಇತ್ತು, ದನಗಾಹಿ ಇರಲಿಲ್ಲ. 1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗವೂ ಉದ್ಯಮಕ್ಕೆ ಬೇಕಾದ ಮರ ಬೆಳೆಯುವುದೇ ಅರಣ್ಯ ಇಲಾಖೆಯ ಮುಖ್ಯ ಕೆಲಸವೆಂಬಂತೆ ಶಿಫಾರಸು ಮಾಡಿತ್ತು. ಕರ್ನಾಟಕ ಪಲ್ಪ್‌ವುಡ್ಸ್ ಈ ಚಿಂತನೆಯ ಕೂಸು.

1988ರ ಡಿಸೆಂಬರಿನಲ್ಲಿ ಬಂದ ಹೊಸ ರಾಷ್ಟ್ರೀಯ ಅರಣ್ಯ ನೀತಿ ಈ ಕ್ರಮವನ್ನು ತಿರುವುಮುರುವು ಮಾಡಿತು. ಪರಿಸರದ ಸಮತೋಲವೇ ಮೊದಲ ಗುರಿ, ಹಣದ ಲಾಭ ಅದಕ್ಕೆ ಅಧೀನ ಎಂದಿತು. ಕಾಡಂಚಿನ ಜನರ ಸೌದೆ, ಮೇವು, ಸಣ್ಣ ಮರಮಟ್ಟುಗಳ ಅಗತ್ಯಕ್ಕೆ ಆದ್ಯತೆ ಕೊಟ್ಟಿತು. ಉದ್ಯಮಗಳು ತಮಗೆ ಬೇಕಾದ ಮರವನ್ನು ರೈತರೊಡನೆ ನೇರ ಒಪ್ಪಂದ ಮಾಡಿಕೊಂಡು ಅವರ ಹೊಲಗಳಿಂದ ಪಡೆಯಬೇಕೆಂದೂ ಹೇಳಿತು. 1990ರ ಜೂನ್ 1ರ ಕೇಂದ್ರದ ಸುತ್ತೋಲೆ, ಅದರ ಹಿಂದೆಯೇ 1993ರ ಕರ್ನಾಟಕದ ಆದೇಶ ಗ್ರಾಮ ಅರಣ್ಯ ಸಮಿತಿಗಳಿಗೆ ದಾರಿ ಮಾಡಿದವು. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನೇ ನಿಷೇಧಿಸಿ ಆದೇಶ ಹೊರಡಿಸಿತು.

ಕುಸನೂರಿನ ಒಂದು ಮೆರವಣಿಗೆಯಿಂದ ದಿಲ್ಲಿಯ ನೀತಿ ಬದಲಾಯಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಇಂಥ ನೂರಾರು ಗುಡ್ಡಗಳ ಮಾತು ಕಡತದ ಭಾಷೆಯನ್ನು ಬದಲಿಸಿತೆಂಬುದು ನಿಜ.

ಸ್ವೀಡನ್, ಥಾಯ್ಲೆಂಡ್, ಬ್ರೆಜಿಲ್

ಮರವನ್ನು ಮಾರಿ ಬದುಕುವ ದೇಶಗಳು ಈ ಪ್ರಶ್ನೆಯನ್ನು ಹೇಗೆ ಎದುರಿಸಿವೆ ಎಂಬುದನ್ನೂ ನೋಡಬೇಕು. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಸರ್ಕಾರ ರೈತರನ್ನು ಎಬ್ಬಿಸಿ ತೋಪು ಬೆಳೆಸುವ ಯೋಜನೆಗೆ ಕೈಹಾಕಿತು. ಹಳ್ಳಿಗರು ಬೀದಿಗಿಳಿದ ಮೇಲೆ 1992ರಲ್ಲಿ ಅದನ್ನು ಕೈಬಿಡಬೇಕಾಯಿತು. ತಿರುಳಿನ ರಫ್ತಿನಲ್ಲಿ ಮುಂಚೂಣಿಯಲ್ಲಿರುವ ಬ್ರೆಜಿಲ್‌ನಲ್ಲಿ 2006ರ ಮಾರ್ಚ್ 8ರ ಮಹಿಳಾ ದಿನದಂದು ಸುಮಾರು ಎರಡು ಸಾವಿರ ರೈತ ಮಹಿಳೆಯರು ಅರಾಕ್ರೂಜ್ ಕಂಪೆನಿಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಹಾಳುಗೆಡವಿದರು. ಅಲ್ಲಿ ಕೀಳುವುದಷ್ಟೇ ನಡೆಯಿತು. ಕುಸನೂರಿನಲ್ಲಿ ಹಚ್ಚುವುದೂ ನಡೆದಿತ್ತು.

ಸ್ವೀಡನ್ ಬೇರೆ ಹಾದಿ ಹಿಡಿದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮರ ಕಡಿದು ಮಾರಿ ಕಾಡು ಸವೆದಾಗ, 1903ರಲ್ಲಿ ಆ ದೇಶ ಒಂದು ಕಾನೂನು ಮಾಡಿತು: ಕಡಿದವನು ಮತ್ತೆ ಬೆಳೆಸಲೇಬೇಕು. 1993ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಉತ್ಪಾದನೆಯ ಗುರಿಗೂ ಪರಿಸರದ ಗುರಿಗೂ ಸಮಾನ ಸ್ಥಾನ ಕೊಟ್ಟಿತು. ಕಾಡಿನ ಅರ್ಧದಷ್ಟು ಭಾಗ ಅಲ್ಲಿ ಸಾಮಾನ್ಯ ಕುಟುಂಬಗಳ ಒಡೆತನದಲ್ಲಿದೆ. ಮರ ಮಾರಿದ ದುಡ್ಡು ಮರದ ಬುಡದಲ್ಲಿರುವವನಿಗೇ ಬರುತ್ತದೆ. ಹಾಗೆಂದು ಅಲ್ಲಿ ಎಲ್ಲವೂ ಸರಿಯಿಲ್ಲ. ಹಳೆಯ ಕಾಡಿನ ಕಡಿತದ ಬಗ್ಗೆ, ಹಿಮಸಾರಂಗ ಕಾಯುವ ಸಾಮಿ ಜನರ ಹಕ್ಕಿನ ಬಗ್ಗೆ ತಕರಾರು ಇದ್ದೇ ಇದೆ. ಆದರೂ ಜಗಳವಾಡಲು ಒಂದು ಕಾನೂನು, ಒಂದು ಲೆಕ್ಕ ಇದೆ.

ಇದಕ್ಕೂ ನಮ್ಮ ಕಥೆಗೂ ಒಂದು ಕುತೂಹಲದ ನಂಟಿದೆ. ಆದಿತ್ಯ ಬಿರ್ಲಾ ಸಮೂಹ 1998ರಲ್ಲಿ ಕೆನಡಾದ ಆಥಾಲ್ವಿಲ್‌ನಲ್ಲಿ, 2011ರಲ್ಲಿ ಸ್ವೀಡನ್‌ನ ಡೊಮ್ಶೋದಲ್ಲಿ ತಿರುಳಿನ ಕಾರ್ಖಾನೆಗಳನ್ನು ಕೊಂಡಿತು. ಮರದ ಹಸಿವು ಒಂದು ಕಡೆ ತಡೆಯಾದರೆ ಇನ್ನೊಂದು ಕಡೆ ಹಾದಿ ಹುಡುಕುತ್ತದೆ. ಹೋದಲ್ಲಿ ಕಾನೂನು ಗಟ್ಟಿಯಾಗಿದ್ದರೆ ಮಾತ್ರ ಆ ನಾಡಿನ ಕಾಡು ಉಳಿದೀತು.

ಮರದ ನಂತರ ಅದಿರು

ಮರ ಕಡಿದರೆ ಮತ್ತೆ ಬೆಳೆದೀತು. ಅದಿರು ಅಗೆದರೆ ಮತ್ತೆ ಬೆಳೆಯುವುದಿಲ್ಲ. ಕುಸನೂರಿನಲ್ಲಿ ಹೋರಾಡಿದ ಅದೇ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಚೀನಾದ ಉಕ್ಕಿನ ಹಸಿವಿಗೆ ಸಂಡೂರಿನ ಕೆಂಪು ಮಣ್ಣು ಲಾರಿಗಟ್ಟಲೆ ಬಂದರುಗಳತ್ತ ಸಾಗಿದ ಕಾಲವದು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. ಮರುವರ್ಷ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆ ವರದಿ ಕೊಟ್ಟರು. ಅದು ಅಂದಾಜು ಮಾಡಿದ ನಷ್ಟ 16,085 ಕೋಟಿ ರೂಪಾಯಿ. ಅದೇ ತಿಂಗಳ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನೇ ಸುಪ್ರೀಂ ಕೋರ್ಟು ನಿಲ್ಲಿಸಿತು.

2013ರ ಏಪ್ರಿಲ್ 18ರ ತೀರ್ಪು ಇನ್ನೂ ಮುಖ್ಯ. ತೀವ್ರ ಉಲ್ಲಂಘನೆಯ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಬಳ್ಳಾರಿಗೆ ವರ್ಷಕ್ಕೆ 25 ದಶಲಕ್ಷ ಟನ್, ಚಿತ್ರದುರ್ಗ–ತುಮಕೂರಿಗೆ ಸೇರಿ 5 ದಶಲಕ್ಷ ಟನ್ ಎಂಬ ಮಿತಿ ಬಂತು. ಮಾರುಕಟ್ಟೆ ಎಷ್ಟು ಕೇಳುತ್ತದೆ ಎಂಬುದರ ಮೇಲಲ್ಲ, ನೆಲ ಮತ್ತು ರಸ್ತೆ ಎಷ್ಟು ತಾಳುತ್ತವೆ ಎಂಬುದರ ಮೇಲೆ ಅಗೆತದ ಪ್ರಮಾಣ ನಿಗದಿಯಾಗಿದ್ದು ನಮ್ಮಲ್ಲಿ ಅಪರೂಪ. ಮುಂದೆ ಈ ಮಿತಿ ಹಂತಹಂತವಾಗಿ ಏರಿತು. 2022ರ ಮೇ ತಿಂಗಳಲ್ಲಿ ರಫ್ತಿಗೂ ಕೋರ್ಟು ಅನುಮತಿ ಕೊಟ್ಟಿತು. ಈ ನಡುವೆ 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿ, ರಾಜಧನಕ್ಕೆ ಸೇರಿಸಿ ಪಡೆದ ಒಂದಂಶ ಗಣಿಬಾಧಿತ ಊರುಗಳಿಗೇ ಮೀಸಲಾಯಿತು.

ತೈಲ ಮಾರುವ ನಾರ್ವೆ 1990ರಲ್ಲಿ ಕಾನೂನು ಮಾಡಿ, 1996ರಿಂದ ತೈಲದ ಹಣವನ್ನು ಮೊಮ್ಮಕ್ಕಳಿಗೆಂದು ಕೂಡಿಡುತ್ತ ಬಂದಿದೆ. ವಜ್ರ ಮಾರುವ ಬೋಟ್ಸ್‌ವಾನ 1994ರಲ್ಲಿ ‘ಪುಲಾ’ ನಿಧಿ ಸ್ಥಾಪಿಸಿತು. ಆ ನಾಡಿನ ಭಾಷೆಯಲ್ಲಿ ಪುಲಾ ಎಂದರೆ ಮಳೆ. ರಂಜಕದ ಗಣಿಯಿಂದ ಸಿರಿವಂತವಾಗಿ ಮೆರೆದ ಪುಟ್ಟ ನೌರು ದ್ವೀಪ ಮಾತ್ರ ಇದ್ದುದನ್ನೆಲ್ಲ ಅಗೆದು ಉಂಡು, ಬರಿ ಕಲ್ಲಿನ ಮೇಲೆ ಕುಳಿತುಕೊಂಡಿತು. ಈ ಮೂರು ನಾಡುಗಳ ವ್ಯತ್ಯಾಸ ಸಂಪತ್ತಿನ ಗಾತ್ರದ್ದಲ್ಲ, ನೀತಿಯದು.

ಪಟ್ಟಿಯಲ್ಲಿ ಗಾಯರಾಣ ಎಲ್ಲಿದೆ?

2015ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನೂ ಅವುಗಳಡಿ 169 ಉಪಗುರಿಗಳನ್ನೂ ಅಂಗೀಕರಿಸಿತು. ಹನ್ನೆರಡನೆಯ ಗುರಿ ನೈಸರ್ಗಿಕ ಸಂಪನ್ಮೂಲಗಳ ಮಿತವಾದ ಬಳಕೆಯನ್ನು 2030ರೊಳಗೆ ಸಾಧಿಸಲು ಹೇಳುತ್ತದೆ. ಹದಿನೈದನೆಯದು ನೆಲದ ಮೇಲಿನ ಜೀವಜಾಲದ ರಕ್ಷಣೆಗೆ ಮೀಸಲು. 2018ರಿಂದ ನೀತಿ ಆಯೋಗ ರಾಜ್ಯಗಳಿಗೆ ಅಂಕ ಕೊಡಲು ತೊಡಗಿತು. ಅಂಕ ಕೊಡುವುದು ಒಳ್ಳೆಯದೇ. ಆದರೆ ಅರಣ್ಯದ ವ್ಯಾಪ್ತಿಯನ್ನು ಉಪಗ್ರಹದಿಂದ ಅಳೆದಾಗ ನೀಲಗಿರಿ ತೋಪೂ ಹಸಿರು, ನೆಲ್ಲಿ–ಮುತ್ತುಗದ ಗುಡ್ಡವೂ ಹಸಿರು. ಕುಸನೂರಿನವರು ಕಂಡ ವ್ಯತ್ಯಾಸ ಆಕಾಶದಿಂದ ಕಾಣುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳು ಇಂದೂ ಹೊರಗೆ ಕಳಿಸುವ ನಾಡುಗಳೇ. ಹಾನಗಲ್ಲಿನ ಮಾವು, ಸವಣೂರಿನ ವೀಳ್ಯದೆಲೆ, ಎಲ್ಲ ಕಡೆ ಹಬ್ಬಿರುವ ಗೋವಿನಜೋಳ ಸಂತೆ ದಾಟಿ ದೂರದೂರಿಗೆ ಹೋಗುತ್ತವೆ. ಚೀಲದಲ್ಲಿ ಜೋಳದ ಜೊತೆಗೆ ನೆಲದ ಸಾರವೂ ಕೊಳವೆಬಾವಿಯ ನೀರೂ ಹೋಗುತ್ತವೆ. ಹಿಂದೆ ಗುಡ್ಡದ ಮೇವಿನಿಂದ ದನ, ದನದಿಂದ ಗೊಬ್ಬರ, ಗೊಬ್ಬರದಿಂದ ಹೊಲ ಎಂಬ ಸರಪಳಿ ಇತ್ತು. ಗಾಯರಾಣ ಕುಗ್ಗಿದಲ್ಲಿ ಸರಪಳಿಯ ಮೊದಲ ಕೊಂಡಿಯೇ ಕಳಚುತ್ತದೆ. ಆಗ ಗೊಬ್ಬರವನ್ನು ಚೀಲದಲ್ಲಿ ಕೊಳ್ಳಬೇಕು, ಅದಕ್ಕೆ ಸಾಲ ಬೇಕು.

ಕಂಪೆನಿ ಹೋದ ಮೇಲೆ ಗುಡ್ಡಗಳೆಲ್ಲ ಕ್ಷೇಮವಾದವು ಎಂದುಕೊಳ್ಳುವಂತಿಲ್ಲ. ಒಂದು ಕಂಪೆನಿಯ ಗುತ್ತಿಗೆ ಕಣ್ಣಿಗೆ ಕಾಣುತ್ತದೆ. ವರ್ಷಕ್ಕೆ ಒಂದು ಸಾಲಿನಂತೆ ಸರಿಯುವ ಬದು ಕಾಣುವುದಿಲ್ಲ. ಒತ್ತುವರಿ, ಕಲ್ಲು–ಮಣ್ಣಿನ ಅಗೆತ, ಸರ್ಕಾರಿ ಕಟ್ಟಡಗಳಿಗೆ ಜಾಗ ಎಲ್ಲವೂ ಮೊದಲು ಕಣ್ಣು ಹಾಕುವುದು ಊರ ಸಾಮುದಾಯಿಕ ನೆಲದ ಮೇಲೆಯೇ. ಊರೊಟ್ಟಿನ ಭೂಮಿಯ ಒತ್ತುವರಿ ತೆರವು ಮಾಡಿ ಗ್ರಾಮಸ್ಥರಿಗೆ ಮರಳಿಸಲು ಯೋಜನೆ ರೂಪಿಸಬೇಕೆಂದು 2011ರ ಜನವರಿ 28ರಂದು ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿದೆ. 2002ರ ಜೈವಿಕ ವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯೂ ತನ್ನ ಗಿಡಮರ, ಪ್ರಾಣಿಪಕ್ಷಿಗಳ ದಾಖಲೆ ಇಡಬೇಕು.

ಕಾನೂನಿಗೆ ಕೊರತೆಯಿಲ್ಲ. ಕೊರತೆ ಇರುವುದು ಲೆಕ್ಕಕ್ಕೆ. ಪಂಚಾಯಿತಿಯ ಗೋಡೆಯ ಮೇಲೆ ಊರಿನ ಜನಸಂಖ್ಯೆ, ಮನೆಗಳ ಸಂಖ್ಯೆ ಬರೆದಿರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಲಿ: ಗಾಯರಾಣ ಎಷ್ಟು ಎಕರೆ ಇತ್ತು, ಈಗ ಎಷ್ಟಿದೆ. ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆ ಆ ಸಾಲನ್ನು ಓದಿ ಹೇಳಲಿ. ಗುಡ್ಡದಲ್ಲಿ ಏನು ಹಚ್ಚಬೇಕು, ಯಾರು ಕಾಯಬೇಕು, ಯಾರು ಎಷ್ಟು ಕೊಯ್ಯಬಹುದು ಎಂಬುದು ಅಲ್ಲೇ ತೀರ್ಮಾನವಾಗಲಿ. ಹದಿನೇಳು ಗುರಿಗಳ ಹೆಸರು ಬಾಯಿಪಾಠ ಬರದಿದ್ದರೂ ನಡೆದೀತು. ಕಿತ್ತದ್ದೆಷ್ಟು, ಹಚ್ಚಿದ್ದೆಷ್ಟು ಎಂಬ ಲೆಕ್ಕ ತಪ್ಪಬಾರದು.